ಜೀವಶಾಸ್ತ್ರದ ಉನ್ನತ ವ್ಯಾಸಂಗ: ಕಲಿಯುವುದೇನು, ಗಳಿಸುವುದೇನು?

ಪದವಿ ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ನಡೆಯುತ್ತದೆ. ಮಗನೋ ಮಗಳೋ ಬಿ.ಎಸ್ಸಿ. ಮುಗಿಸಿರುತ್ತಾರೆ. ಓದಿದ್ದು ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಇಲ್ಲವೇ ಬಯೋಟೆಕ್ನಾಲಜಿ. ಅಂಕಗಳೂ ಚೆನ್ನಾಗಿವೆ. ಎಂ.ಎಸ್ಸಿ. ಮಾಡುತ್ತೇನೆ, ಸಾಧ್ಯವಾದರೆ ಪಿಎಚ್.ಡಿ.ಯನ್ನೂ ಮಾಡುತ್ತೇನೆ ಎಂದು ಮಕ್ಕಳು ಮಾತು ತೆಗೆಯುತ್ತಾರೆ. "ಅಷ್ಟು ಓದಿ ಏನ್ ಮಾಡ್ತಿ? ಅಂಗಡಿ ಯಾರು ನೋಡ್ಬೇಕು?" ಎನ್ನುತ್ತಾರೆ ತಂದೆ. ಮಗಳಾದರೆ "ಇನ್ನ ಐದಾರು ವರ್ಷ ಓದಿದ್ರ ಮದುವಿ ಯಾವಾಗ?" ಎಂಬ ಮಾತು. ಅಜ್ಜಿಯ ಚಿಂತೆಯೇ ಬೇರೆ: "ಕಪ್ಪಿ ಕೊಯ್ಯೋ ಓದು ನಮಗ ಬೇಕೇನವ್ವಾ?"

ಈ ಮೂರು ಪ್ರಶ್ನೆಗಳಲ್ಲಿ ಯಾವುದನ್ನೂ ತಳ್ಳಿಹಾಕುವಂತಿಲ್ಲ. ಆದರೆ ಸರಕನ್ನು ಕಣ್ಣಿನಿಂದ ನೋಡದೆ ದರ ಕಟ್ಟುವುದು ವ್ಯಾಪಾರಸ್ಥರ ರೂಢಿಯಲ್ಲ. ಈ ಓದು ಏನನ್ನು ಕಲಿಸುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಬೇಕೋ ಬೇಡವೋ ಎಂಬ ತೀರ್ಮಾನ ಸುಲಭವಾಗುತ್ತದೆ. ಆ ತಿಳಿವಳಿಕೆಗೆ ನೆರವಾಗಲೆಂದು ಈ ಲೇಖನ.

ಬಿ.ಎಸ್ಸಿ.ಗೂ ಎಂ.ಎಸ್ಸಿ.ಗೂ ಏನು ಅಂತರ?

ಎಂ.ಎಸ್ಸಿ. ಎಂದರೆ ಬಿ.ಎಸ್ಸಿ. ಪಾಠವನ್ನೇ ದಪ್ಪ ಪುಸ್ತಕದಲ್ಲಿ ಮತ್ತೆ ಓದುವುದು ಎಂದು ಹಲವರು ತಿಳಿದಿದ್ದಾರೆ. ಅದು ಹಾಗಲ್ಲ. ಪದವಿ ತರಗತಿಯಲ್ಲಿ ಪ್ರಶ್ನೆಯನ್ನು ಗುರುಗಳು ಕೇಳುತ್ತಾರೆ, ಉತ್ತರ ಪುಸ್ತಕದಲ್ಲಿರುತ್ತದೆ. ಪ್ರಯೋಗ ಮಾಡಿದರೂ ಕೊನೆಗೆ ಏನು ಬರಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಎಂ.ಎಸ್ಸಿ.ಯಲ್ಲಿ, ವಿಶೇಷವಾಗಿ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ, ಉತ್ತರ ಗೊತ್ತಿಲ್ಲದ ಪ್ರಶ್ನೆಯ ಮುಂದೆ ವಿದ್ಯಾರ್ಥಿಯನ್ನು ನಿಲ್ಲಿಸುತ್ತಾರೆ. ಪಿಎಚ್.ಡಿ.ಯಲ್ಲಿ ಆ ಪ್ರಶ್ನೆಯನ್ನೂ ಅವರೇ ಹುಡುಕಿಕೊಳ್ಳಬೇಕು. ಜಗತ್ತಿನಲ್ಲಿ ಅದುವರೆಗೆ ಯಾರಿಗೂ ತಿಳಿಯದ ಒಂದು ಸಣ್ಣ ಸಂಗತಿಯನ್ನಾದರೂ ಕಂಡುಹಿಡಿದು, ಬಲ್ಲವರ ಎದುರು ಅದನ್ನು ಸಮರ್ಥಿಸಬೇಕು.

ಒಂದೇ ಮಾತಿನಲ್ಲಿ ಹೇಳುವುದಾದರೆ, ಉತ್ತರ ಬಲ್ಲವರನ್ನು ಪ್ರಶ್ನೆ ಕೇಳಬಲ್ಲವರನ್ನಾಗಿ, ಕೇಳಿದ ಪ್ರಶ್ನೆಯನ್ನು ತಾವೇ ಪರೀಕ್ಷಿಸಬಲ್ಲವರನ್ನಾಗಿ ಮಾಡುವುದೇ ಈ ಓದಿನ ಗುರಿ. ಉಳಿದ ಫಲಗಳೆಲ್ಲ ಇದರ ಬೆನ್ನಿಗೇ ಬರುತ್ತವೆ.

ಬೀಜದಂಗಡಿಯ ಒಂದು ಉದಾಹರಣೆ

ಬಿತ್ತನೆ ಬೀಜ ಮಾರುವ ಅಂಗಡಿಯೊಂದನ್ನು ಕಲ್ಪಿಸಿಕೊಳ್ಳಿ. ಕಳೆದ ವರ್ಷ ಉಳಿದ ತೊಗರಿ ಬೀಜ ಸ್ವಲ್ಪ ಗೋಣಿಚೀಲದಲ್ಲಿದೆ, ಸ್ವಲ್ಪ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿದೆ. ನಡುವೆ ಒಂದು ಮಳೆಗಾಲ ಕಳೆದಿದೆ. ಯಾವುದು ಚೆನ್ನಾಗಿ ಮೊಳೆಯುತ್ತದೆ? ಅನುಭವಿಗಳಾದ ಹಿರಿಯರು ಕಾಳನ್ನು ಕೈಯಲ್ಲಿ ಹಿಡಿದು, ಹಲ್ಲಿನಿಂದ ಕಚ್ಚಿ ಒಂದು ಮಾತು ಹೇಳಿಯಾರು. ಬಿ.ಎಸ್ಸಿ. ಓದಿದ ಹುಡುಗ "ತೇವ ಹೆಚ್ಚಾದರೆ ಮೊಳೆಯುವ ಶಕ್ತಿ ಕುಂದುತ್ತದೆ" ಎಂದು ಪುಸ್ತಕದ ಮಾತು ಹೇಳಿಯಾನು. ಎರಡೂ ಸುಳ್ಳಲ್ಲ.

ಎಂ.ಎಸ್ಸಿ.ಯಲ್ಲಿ ಚೆನ್ನಾಗಿ ಪಳಗಿದ ಹುಡುಗಿ ಮೊದಲು ಪ್ರಶ್ನೆಯನ್ನೇ ತಿದ್ದುತ್ತಾಳೆ. ಎರಡೂ ಚೀಲದ ಬೀಜ ಒಂದೇ ತಳಿಯದೇ? ಒಂದೇ ಹೊಲದ್ದೇ? ಒಂದೇ ದಿನ ತುಂಬಿದ್ದೇ? ಇಲ್ಲವಾದರೆ ವ್ಯತ್ಯಾಸ ಚೀಲದಿಂದ ಬಂತೋ ತಳಿಯಿಂದ ಬಂತೋ ಹೇಳುವುದು ಹೇಗೆ? ಇದೆಲ್ಲ ಸರಿಯಿದ್ದ ಮೇಲೆ, ಬೀಜ ಪರೀಕ್ಷೆಯ ಪದ್ಧತಿಯಂತೆ, ಪ್ರತಿ ಚೀಲದಿಂದ ಆರಿಸದೆ 400 ಕಾಳು ತೆಗೆದು, ನೂರರಂತೆ ನಾಲ್ಕು ಪಾಲು ಮಾಡಿ, ಒದ್ದೆ ಕಾಗದದಲ್ಲಿ ಸುತ್ತಿಡುತ್ತಾಳೆ.

ಪ್ಲಾಸ್ಟಿಕ್ ಚೀಲದ ನಾಲ್ಕು ಪಾಲುಗಳಲ್ಲಿ 81, 75, 79, 77 ಕಾಳು ಮೊಳೆತವು ಎಂದಿಟ್ಟುಕೊಳ್ಳೋಣ, ಸರಾಸರಿ 78. ಗೋಣಿಚೀಲದ್ದು 70, 79, 72, 75, ಸರಾಸರಿ 74. ತೊಗರಿ ಬಿತ್ತನೆ ಬೀಜಕ್ಕೆ ನಿಗದಿಯಾದ ಕನಿಷ್ಠ ಮೊಳಕೆ ಪ್ರಮಾಣ ಶೇಕಡಾ 75. ಹಾಗಾದರೆ ಪ್ಲಾಸ್ಟಿಕ್ ಗೆದ್ದಿತು, ಗೋಣಿ ಸೋತಿತು ಎಂದು ಬರೆದುಬಿಡಬಹುದೇ? ಅವಳು ಅವಸರ ಮಾಡುವುದಿಲ್ಲ. ಒಂದೇ ಗೋಣಿಚೀಲದ ಪಾಲುಗಳಲ್ಲೇ 70ರಿಂದ 79ರವರೆಗೆ ಏರಿಳಿತವಿದೆ. ಹಾಗಿರುವಾಗ ಎರಡು ಚೀಲಗಳ ನಡುವಿನ ನಾಲ್ಕರ ಅಂತರ ಬರೀ ಆಕಸ್ಮಿಕವಾಗಿಯೂ ಬರಬಹುದು. ಸಂಖ್ಯಾಶಾಸ್ತ್ರದ ಲೆಕ್ಕ ಹಾಕಿದರೂ ಅದೇ ಉತ್ತರ. ಆದ್ದರಿಂದ ಅವಳು ಬರೆಯುವುದು ಹೀಗೆ: "ಗೋಣಿಚೀಲದ ಬೀಜ ಗೆರೆಯ ಅಂಚಿನಲ್ಲಿದೆ, ಹಾಗೆಯೇ ಮಾರಬಾರದು. ಆದರೆ ಇದು ಚೀಲದ ದೋಷ ಎನ್ನಲು ಇಷ್ಟು ಸಾಲದು. ಇನ್ನಷ್ಟು ಕಾಳು ಪರೀಕ್ಷಿಸಬೇಕು."

ಓದುಗರು ಗಮನಿಸಬೇಕು. "ಇಷ್ಟು ಮಾತ್ರ ಹೇಳಬಹುದು, ಇದಕ್ಕಿಂತ ಹೆಚ್ಚು ಹೇಳಲಾಗದು" ಎಂಬ ಈ ಗೆರೆಯನ್ನು ಎಳೆಯಲು ಕಲಿಯುವುದೇ ಈ ಓದಿನ ದೊಡ್ಡ ಫಲ. ವಂಶವಾಹಿ ಶಾಸ್ತ್ರಕ್ಕೆ ತಳಹದಿ ಹಾಕಿದ ಮೆಂಡೆಲ್ ಬಟಾಣಿ ಕಾಳನ್ನು ಎಣಿಸಿದ್ದೂ ಇದೇ ಶಿಸ್ತಿನಿಂದ. ಒಂದು ಪ್ರಯೋಗದಲ್ಲಿ ಅವರಿಗೆ ಸಿಕ್ಕಿದ್ದು 5,474 ದುಂಡು ಕಾಳು, 1,850 ಸುಕ್ಕು ಕಾಳು. ಹತ್ತಿಪ್ಪತ್ತು ಕಾಳು ಎಣಿಸಿ ಕೈಬಿಟ್ಟಿದ್ದರೆ ಮೂರಕ್ಕೆ ಒಂದು ಎಂಬ ನಿಯಮ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. 1866ರಲ್ಲಿ ಅಚ್ಚಾದ ಅವರ ಬರಹವನ್ನು ಲೋಕ ಗುರುತಿಸಿದ್ದು 1900ರಲ್ಲಿ. ಲೆಕ್ಕ ಶುದ್ಧವಾಗಿದ್ದುದರಿಂದಲೇ ಅದು ಅಷ್ಟು ಕಾಲ ಕಾದಿತು.

ಕೀರ್ದಿ ಪುಸ್ತಕವೂ ಪ್ರಯೋಗದ ಪುಸ್ತಕವೂ

ಎರಡನೆಯ ಫಲ ದಾಖಲೆಯ ಪ್ರಾಮಾಣಿಕತೆ. ನಮ್ಮ ಅಂಗಡಿಗಳಲ್ಲಿ ಕೀರ್ದಿ ಬರೆಯುವ ದಿವಾಣಜಿಯವರು ಹಾಳೆ ಹರಿಯುವುದಿಲ್ಲ, ಬರೆದ ಅಂಕಿಯನ್ನು ಅಳಿಸುವುದಿಲ್ಲ. ತಪ್ಪಿದ್ದರೆ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಾರೆ. ಪ್ರಯೋಗಾಲಯದ ಪುಸ್ತಕಕ್ಕೂ ಇದೇ ನಿಯಮ. ದಿನಾಂಕ, ಬಳಸಿದ ವಸ್ತುವಿನ ಅಳತೆ, ಮಾಡಿದ ಕ್ರಮ, ಬಂದ ಫಲ ಎಲ್ಲವನ್ನೂ ಅಂದಂದೇ ಮಸಿಯಲ್ಲಿ ಬರೆಯಬೇಕು. ಕೆಟ್ಟುಹೋದ ಪ್ರಯೋಗವನ್ನೂ ಬರೆಯಬೇಕು. ಹತ್ತು ವರ್ಷಗಳ ನಂತರ ಅಪರಿಚಿತರೊಬ್ಬರು ಆ ಪುಸ್ತಕ ತೆರೆದು ಅದೇ ಪ್ರಯೋಗವನ್ನು ಮಾಡಿ ನೋಡುವಂತಿರಬೇಕು. ಇಂತಹ ಶಿಸ್ತು ವ್ಯಾಪಾರದ ಮನೆಯಲ್ಲಿ ಬೆಳೆದ ಮಕ್ಕಳಿಗೆ ಹೊಸದೇನಲ್ಲ.

ಇನ್ನೊಬ್ಬರ ಬರಹವನ್ನು ತನ್ನದೆಂದು ತೋರಿಸುವುದಕ್ಕೂ ಈಗ ಕಟ್ಟುನಿಟ್ಟಿನ ತಡೆಯಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ಮಾಡಿದ ನಿಯಮದ ಪ್ರಕಾರ ಪ್ರಬಂಧದಲ್ಲಿ ನಕಲು ಶೇಕಡಾ 60ನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಪಿಎಚ್.ಡಿ. ಸೇರಿದವರು ಸಂಶೋಧನೆಯ ನೀತಿಯನ್ನು ಕುರಿತ ಪಾಠವನ್ನೂ ಓದಬೇಕು.

ಮೂರನೆಯ ಫಲ, ಓದಿದ್ದನ್ನು ಪರೀಕ್ಷಿಸಿ ಒಪ್ಪುವುದು. ಉನ್ನತ ತರಗತಿಗಳಲ್ಲಿ ಹೊಸ ಸಂಶೋಧನಾ ಲೇಖನವೊಂದನ್ನು ಎಲ್ಲರೂ ಓದಿಕೊಂಡು ಬಂದು ಕೂಡಿ ಚರ್ಚಿಸುವ ಕ್ರಮವಿದೆ. ಬರೆದವರು ಎಷ್ಟೇ ದೊಡ್ಡವರಿರಲಿ, "ಇದಕ್ಕೆ ಆಧಾರವೇನು?" ಎಂದು ಕೇಳಬಹುದು. ನಾಲ್ಕನೆಯದು ಬರೆಯುವ, ಮಾತನಾಡುವ, ಕಲಿಸುವ ಶಕ್ತಿ. ವರ್ಷಗಳ ಕೆಲಸವನ್ನು ಇಪ್ಪತ್ತು ನಿಮಿಷಗಳಲ್ಲಿ ಹೇಳಿ, ಸಭೆಯ ಪ್ರಶ್ನೆಗಳಿಗೆ ಉತ್ತರಿಸಿ ಬಂದವರಿಗೆ ಬೇರೆ ಸಭೆಗಳ ಅಂಜಿಕೆ ಇರುವುದಿಲ್ಲ. ಐದನೆಯದು ತಾಳ್ಮೆ. ಆರು ತಿಂಗಳ ಶ್ರಮದ ಪ್ರಯೋಗ ಒಂದು ದಿನದಲ್ಲಿ ಕೆಡಬಹುದು. ಮರುದಿನ ಮತ್ತೆ ಮೊದಲಿನಿಂದ ಆರಂಭಿಸಬೇಕು.

ಅಹಿಂಸೆಯ ಪ್ರಶ್ನೆ

ಇನ್ನು ಅಜ್ಜಿಯ ಪ್ರಶ್ನೆಗೆ ಬರೋಣ. ಹಿಂದೆ ಪ್ರಾಣಿಶಾಸ್ತ್ರದ ತರಗತಿಯಲ್ಲಿ ಕಪ್ಪೆ, ಜಿರಳೆ, ಎರೆಹುಳು ಕೊಯ್ಯುವುದು ತಪ್ಪುತ್ತಿರಲಿಲ್ಲ. ಆ ಒಂದೇ ಕಾರಣಕ್ಕೆ ಈ ಓದನ್ನು ಬಿಟ್ಟ ಮಕ್ಕಳು ನಮ್ಮಲ್ಲಿದ್ದಾರೆ. ಈಗ ಸ್ಥಿತಿ ಬದಲಾಗಿದೆ. ಯುಜಿಸಿ 2011ರಲ್ಲಿ ಇದನ್ನು ಹಂತಹಂತವಾಗಿ ಕಡಿಮೆ ಮಾಡಲು ಮಾರ್ಗಸೂಚಿ ಹೊರಡಿಸಿತು. 2014ರಲ್ಲಿ ಪದವಿ ಮತ್ತು ಸ್ನಾತಕೋತ್ತರ ಎರಡೂ ತರಗತಿಗಳ ಪಾಠದಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ನಿಲ್ಲಿಸಲು ಸೂಚಿಸಿತು. ಅದರ ಬದಲು ಮಾದರಿಗಳು, ಚಿತ್ರಗಳು, ಕಂಪ್ಯೂಟರ್ ಪಾಠಗಳು ಬಂದಿವೆ.

ಆದರೆ ಪಾಠ ಬೇರೆ, ಸಂಶೋಧನೆ ಬೇರೆ. ಇದನ್ನು ಮುಚ್ಚಿಡುವುದು ಸರಿಯಲ್ಲ. ಔಷಧ, ರೋಗ, ಮೆದುಳು ಮುಂತಾದ ವಿಷಯಗಳ ಅನೇಕ ಪ್ರಯೋಗಾಲಯಗಳಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಯುತ್ತದೆ. ಇದಕ್ಕೆ 1960ರ ಪ್ರಾಣಿ ಹಿಂಸಾ ತಡೆ ಕಾಯ್ದೆ ಮತ್ತು 1998ರ ನಿಯಮಗಳ ಕಟ್ಟುಪಾಡಿದೆ. ಸಂಸ್ಥೆಯ ನೀತಿ ಸಮಿತಿ ಒಪ್ಪದೆ ಇಂತಹ ಪ್ರಯೋಗ ಮಾಡುವಂತಿಲ್ಲ. ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆ ದಾರಿ ಹಿಡಿಯಬೇಕು, ಸಂಖ್ಯೆ ಕಡಿಮೆ ಮಾಡಬೇಕು, ನೋವು ತಗ್ಗಿಸಬೇಕು ಎಂಬ ಮೂರು ಸೂತ್ರಗಳನ್ನು ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು 1959ರಲ್ಲೇ ಮುಂದಿಟ್ಟರು. ಇಂದು ಅವು ಎಲ್ಲೆಡೆ ಮಾನ್ಯವಾಗಿವೆ.

ಕಣ್ಣಿಗೆ ಕಾಣದ ಸಂಗತಿಗಳೂ ಇವೆ. ಪ್ರಾಣಿಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುವಾಗ ಹುಟ್ಟದ ಕರುವಿನ ರಕ್ತದಿಂದ ತೆಗೆದ ಸೀರಂ ಬಳಸುವುದು ಬಹಳ ಕಡೆ ರೂಢಿ. ಬ್ಯಾಕ್ಟೀರಿಯಾ ಬೆಳೆಸುವ ಸಾಮಾನ್ಯ ಮಾಧ್ಯಮದಲ್ಲಿ ಅಗರ್ ಇರುತ್ತದೆ. ಅದು ಸಮುದ್ರ ಪಾಚಿಯದು. ಆದರೆ ಅದೇ ಮಾಧ್ಯಮದಲ್ಲಿ ದನದ ಮಾಂಸದ ಸತ್ವವೂ ಇರುವುದುಂಟು. ಸೋಯಾದಿಂದ ಮಾಡಿದ ಮಾಧ್ಯಮಗಳೂ ಸಿಗುತ್ತವೆ. ಇವನ್ನೆಲ್ಲ ಸೇರಿದ ಮೇಲೆ ತಿಳಿದು ನೊಂದುಕೊಳ್ಳುವುದಕ್ಕಿಂತ ಮೊದಲೇ ಕೇಳಿ ತಿಳಿಯುವುದು ಲೇಸು.

ಪ್ರಾಣಿಗಳ ಮೇಲೆ ಪ್ರಯೋಗವಿಲ್ಲದ ಜೀವಶಾಸ್ತ್ರದ ಕ್ಷೇತ್ರ ಬಲು ವಿಶಾಲವಾಗಿದೆ. ಬೀಜ ಮತ್ತು ಬೆಳೆಗಳ ಅಧ್ಯಯನ, ಸಸ್ಯಗಳ ವಂಶವಾಹಿ ಶಾಸ್ತ್ರ, ಕಾಡು ಮತ್ತು ಪರಿಸರ, ದೂರದಿಂದಲೇ ನೋಡಿ ತಿಳಿಯುವ ಪಕ್ಷಿ ಮತ್ತು ವನ್ಯಜೀವಿ ಅಧ್ಯಯನ, ಕಂಪ್ಯೂಟರಿನಲ್ಲೇ ನಡೆಯುವ ಬಯೋಇನ್ಫರ್ಮ್ಯಾಟಿಕ್ಸ್ ಇವೆಲ್ಲ ಇದರಲ್ಲಿ ಸೇರುತ್ತವೆ. ಜೀವಗಳನ್ನು ಏಕೇಂದ್ರಿಯದಿಂದ ಪಂಚೇಂದ್ರಿಯದವರೆಗೆ ವಿಂಗಡಿಸಿ ನೋಡುವ ಮನೆಯಲ್ಲಿ ಬೆಳೆದ ಮಕ್ಕಳು ಈ ಕ್ಷೇತ್ರದಿಂದ ದೂರ ಉಳಿಯುವುದಕ್ಕಿಂತ ಒಳಗೆ ಹೋಗಿ, ನೀತಿ ಸಮಿತಿಗಳಲ್ಲಿ ಕುಳಿತು, ಹಿಂಸೆ ತಗ್ಗಿಸುವ ದಾರಿಗಳನ್ನು ಹುಡುಕುವುದೇ ಹೆಚ್ಚು ಉಪಕಾರ ಎಂಬುದು ನಮ್ಮ ಅಭಿಪ್ರಾಯ.

ಇಬ್ಬರು ಹಿರಿಯ ಮಹಿಳೆಯರು

ಹೆಣ್ಣುಮಕ್ಕಳ ಓದಿನ ಮಾತು ಬಂದಾಗ ಇಬ್ಬರನ್ನು ನೆನೆಯಲೇಬೇಕು. ಕಮಲಾ ಭಾಗವತ್, ಮದುವೆಯ ನಂತರ ಕಮಲಾ ಸೊಹೊನಿ, ಬೊಂಬಾಯಿಯಲ್ಲಿ ಪದವಿ ಮುಗಿಸಿ 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಹೆಣ್ಣು ಎಂಬ ಕಾರಣಕ್ಕೆ ಅಂದಿನ ನಿರ್ದೇಶಕ ಸಿ. ವಿ. ರಾಮನ್ ಮೊದಲು ಒಪ್ಪಲಿಲ್ಲ. ಆಕೆ ಪಟ್ಟು ಬಿಡದಿದ್ದುದರಿಂದ ಷರತ್ತುಗಳೊಡನೆ ಪ್ರವೇಶ ಸಿಕ್ಕಿತು. ಅಲ್ಲಿ ಅವರು ಅಧ್ಯಯನ ಮಾಡಿದ್ದು ಹಾಲಿನಲ್ಲಿ ಮತ್ತು ಬೇಳೆಕಾಳುಗಳಲ್ಲಿ ಇರುವ ಪ್ರೋಟೀನುಗಳನ್ನು. ಮುಂದೆ ಕೇಂಬ್ರಿಜ್‌ಗೆ ಹೋಗಿ, ನಮ್ಮ ಅಡುಗೆಮನೆಗೆ ಬಾರದ ಆಲೂಗಡ್ಡೆಯಲ್ಲಿ ಕೆಲಸ ಮಾಡುತ್ತ, ಸೈಟೊಕ್ರೋಮ್-ಸಿ ಎಂಬ ವಸ್ತು ಸಸ್ಯಕೋಶಗಳಲ್ಲೂ ಇದೆ ಎಂದು ತೋರಿಸಿದರು. 1939ರಲ್ಲಿ ಅವರಿಗೆ ಪಿಎಚ್.ಡಿ. ದೊರೆಯಿತು. ಅವರು ಸಂಸಾರವಂದಿಗರೂ ಆದರು, ಬೊಂಬಾಯಿಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆದರು.

ಇನ್ನೊಬ್ಬರು ಕಾಸರಗೋಡಿನ ದಕ್ಷಿಣಕ್ಕಿರುವ ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದ ಜಾನಕಿ ಅಮ್ಮಾಳ್. ಅವರು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಿಂದ 1931ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಕೊಯಮತ್ತೂರಿನಲ್ಲಿ ಕಬ್ಬಿನ ವರ್ಣತಂತುಗಳ ಮೇಲೆ ಕೆಲಸ ಮಾಡಿದರು. ಸಕ್ಕರೆ, ಬೆಲ್ಲದ ವ್ಯಾಪಾರ ಮಾಡುವ ಮನೆಗಳು ಅವರ ಹೆಸರನ್ನು ತಿಳಿದಿರಬೇಕು. 1945ರಲ್ಲಿ ಡಾರ್ಲಿಂಗ್ಟನ್ ಅವರೊಡನೆ ಬೆಳೆಸಸ್ಯಗಳ ವರ್ಣತಂತುಗಳ ಕುರಿತು ದೊಡ್ಡ ಗ್ರಂಥವನ್ನು ಹೊರತಂದರು. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರು ಅವಿವಾಹಿತರಾಗಿಯೇ ಉಳಿದರು. ಇಬ್ಬರ ಜೀವನದ ದಾರಿ ಬೇರೆಯಾದರೂ ವಿದ್ಯೆಯಲ್ಲಿ ಇಬ್ಬರೂ ಕೊನೆಯವರೆಗೆ ನಿಂತರು.

ಕಾಲ, ಖರ್ಚು, ಮದುವೆ

ಮೂರು ವರ್ಷದ ಪದವಿಯ ಬಳಿಕ ಎಂ.ಎಸ್ಸಿ. ಎರಡು ವರ್ಷ, ನಾಲ್ಕು ವರ್ಷದ ಪದವಿ ಮುಗಿಸಿದವರಿಗೆ ಒಂದೇ ವರ್ಷದ ಎಂ.ಎಸ್ಸಿ.ಗೂ ಅವಕಾಶವಿದೆ. ಪಿಎಚ್.ಡಿ.ಗೆ ಯುಜಿಸಿಯ 2022ರ ನಿಯಮದಂತೆ ಕನಿಷ್ಠ ಮೂರು, ಸಾಮಾನ್ಯವಾಗಿ ಗರಿಷ್ಠ ಆರು ವರ್ಷ. ಹೆಣ್ಣುಮಕ್ಕಳಿಗೆ ಹೆಚ್ಚುವರಿಯಾಗಿ ಎರಡು ವರ್ಷಗಳ ರಿಯಾಯಿತಿ ಕೊಡಬಹುದು. ಹೆರಿಗೆ ಹಾಗೂ ಶಿಶುಪಾಲನೆಗಾಗಿ 240 ದಿನಗಳವರೆಗೆ ರಜೆಯ ಅವಕಾಶವೂ ಇದೆ. ಆದ್ದರಿಂದ "ಮದುವೆ ಇಲ್ಲವೇ ಓದು" ಎಂದು ತಕ್ಕಡಿಯಲ್ಲಿ ತೂಗಬೇಕಾಗಿಲ್ಲ. ವರನ ಮನೆಯವರೊಡನೆ ಈ ಮಾತನ್ನು ನಿಶ್ಚಿತಾರ್ಥಕ್ಕೆ ಮೊದಲೇ ಸ್ಪಷ್ಟವಾಗಿ ಆಡಿಕೊಂಡರೆ ಸಾಕು.

ಪಿಎಚ್.ಡಿ.ಯ ಖರ್ಚನ್ನು ತಂದೆಯೇ ಹೊರಬೇಕೆಂದಿಲ್ಲ. ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೀವವಿಜ್ಞಾನ ಒಂದು ವಿಷಯ. ಅದರಲ್ಲಿ ಉತ್ತಮ ಸ್ಥಾನ ಪಡೆದವರಿಗೆ ಸಂಶೋಧನಾ ವೇತನ ಸಿಗುತ್ತದೆ. 2023ರ ಜನವರಿಯಿಂದ ಇದನ್ನು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಅನಂತರ 42,000 ರೂಪಾಯಿ ಎಂದು ಗೊತ್ತುಪಡಿಸಲಾಯಿತು. ಎಂ.ಎಸ್ಸಿ. ಪ್ರವೇಶಕ್ಕೆ ಸಂಸ್ಥೆಗೆ ತಕ್ಕಂತೆ ಜ್ಯಾಮ್, ಸಿಯುಇಟಿ-ಪಿಜಿ, ಗ್ಯಾಟ್-ಬಿ ಮುಂತಾದ ಪರೀಕ್ಷೆಗಳಿವೆ.

ಲಾಭದ ಜೊತೆಗೆ ನಷ್ಟವನ್ನೂ ಹೇಳಬೇಕು. ಪಿಎಚ್.ಡಿ. ಮಾಡಿದವರೆಲ್ಲ ಪ್ರಾಧ್ಯಾಪಕರಾಗುವುದಿಲ್ಲ, ಹುದ್ದೆಗಳು ಕಡಿಮೆ, ಕಾಯುವವರು ಹೆಚ್ಚು. ಬರೀ ಎಂ.ಎಸ್ಸಿ.ಗೆ ಆರಂಭದ ಸಂಬಳವೂ ಹಲವೆಡೆ ಕಡಿಮೆ. ಅಂಗಡಿಯಲ್ಲಿ ಅಷ್ಟೇ ವರ್ಷ ಕುಳಿತವನು ಹೆಚ್ಚು ಗಳಿಸಿಯಾನು. ಇದನ್ನು ಅರಿತೇ ಹೆಜ್ಜೆ ಇಡಬೇಕು. ಇನ್ನೊಂದು ಕಡೆ, ಆಹಾರ ಪರೀಕ್ಷಾ ಪ್ರಯೋಗಾಲಯ, ಬೀಜ ಕಂಪನಿ, ಔಷಧ ಕಾರ್ಖಾನೆಯ ಗುಣಮಟ್ಟ ವಿಭಾಗ, ಪೇಟೆಂಟ್ ಕಚೇರಿ ಇಂತಹ ಕಡೆಗಳಲ್ಲಿ ಈ ಓದಿಗೆ ಕೆಲಸವಿದೆ. ಶೇಂಗಾದಲ್ಲಿ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷದ ಪ್ರಮಾಣ ಮೀರಿದರೆ ರಫ್ತಿನ ಸರಕು ತಿರುಗಿ ಬರುತ್ತದೆ. ಅದನ್ನು ಅಳೆಯಬಲ್ಲವರು ಮನೆಯಲ್ಲೇ ಇದ್ದರೆ ಅಂಗಡಿಗೆ ಅದು ಸಣ್ಣ ಬಲವಲ್ಲ.

ಗಡಿನಾಡಿನ ನಮಗೆ ಹತ್ತಿರದಲ್ಲಿ

ನಾವು ಗಡಿಯಾಚೆ ಇದ್ದೇವೆಂದು ಕೊರಗಬೇಕಾಗಿಲ್ಲ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಆರಂಭವಾದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಿದೆ. ಜಿಲ್ಲೆಯ ಪೆರಿಯದಲ್ಲಿ 2009ರ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ವಯನಾಡಿನ ಕಲ್ಪೆಟ್ಟ ಬಳಿ ಪುತ್ತೂರ್‌ವಯಲಿನಲ್ಲಿ ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದ ಕೇಂದ್ರ ಸ್ಥಳೀಯ ತಳಿಗಳನ್ನು ಕಾಪಾಡುತ್ತಿದೆ. ನೀಲಗಿರಿಯವರಿಗೆ ಕೊಯಮತ್ತೂರು, ಹೊಸೂರಿನವರಿಗೆ ಬೆಂಗಳೂರು ದೂರವಲ್ಲ. ಸೊಲ್ಲಾಪುರದಲ್ಲಿ 2004ರಿಂದ ತನ್ನದೇ ವಿಶ್ವವಿದ್ಯಾಲಯವಿದೆ; ಜತ್ತಿನವರಿಗೆ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯ, ಇನ್ನೂ ಮುಂದೆ ಪುಣೆಯ ಐಸರ್ ಇವೆ. ರಾಯದುರ್ಗ, ಮಡಕಶಿರಾದವರಿಗೆ ಅನಂತಪುರದ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸಮೀಪ. ಪಶ್ಚಿಮ ತೆಲಂಗಾಣದವರಿಗೆ ಹೈದರಾಬಾದಿನ ಸಿಸಿಎಂಬಿ ಹಾಗೂ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಇವೆ. ನಮ್ಮ ತೊಗರಿ, ಕಡಲೆ, ಜೋಳ, ಶೇಂಗಾಗಳ ಮೇಲೆ ಇಕ್ರಿಸ್ಯಾಟಿನಲ್ಲಿ ದಶಕಗಳಿಂದ ಕೆಲಸ ನಡೆದಿದೆ. ಗೋವಾದ ದೋನಾ ಪಾವುಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಿದೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಮೊದಲ ಆರು ತಿಂಗಳು ಇಂಗ್ಲಿಷ್ ಉಪನ್ಯಾಸ ಕಷ್ಟವೆನಿಸಬಹುದು. ದಿನಕ್ಕೊಂದು ಪುಟ ಸಂಶೋಧನಾ ಲೇಖನ ಓದಿ, ಅದರ ಸಾರವನ್ನು ಕನ್ನಡದಲ್ಲಿ ಮನೆಯವರಿಗೆ ಹೇಳುವ ರೂಢಿ ಮಾಡಿಕೊಂಡರೆ ಎರಡೂ ಭಾಷೆ ಕೈಗೆ ಬರುತ್ತವೆ. ತಾಯಿಗೆ ಅರ್ಥವಾಗುವಂತೆ ಹೇಳಲು ಬಂದರೆ ವಿಷಯ ತನಗೆ ಅರ್ಥವಾಗಿದೆ ಎಂದೇ ತಿಳಿಯಬೇಕು.

ಸೇರುವ ಮುನ್ನ

ಪಾಲಕರು ಮಕ್ಕಳೊಡನೆ ಒಮ್ಮೆ ಆ ಸಂಸ್ಥೆಗೆ ಹೋಗಿ ಬರುವುದು ಒಳ್ಳೆಯದು. ಕಟ್ಟಡಕ್ಕಿಂತ ಕೆಲವು ಉತ್ತರಗಳು ಮುಖ್ಯ. ಎಂ.ಎಸ್ಸಿ.ಯಲ್ಲಿ ಪ್ರಾಜೆಕ್ಟ್ ಎಷ್ಟು ತಿಂಗಳು? ಅದನ್ನು ವಿದ್ಯಾರ್ಥಿ ತಾನೇ ಮಾಡುತ್ತಾನೋ, ಹಳೆಯದನ್ನು ನಕಲು ಮಾಡುತ್ತಾನೋ? ಸಂಖ್ಯಾಶಾಸ್ತ್ರ ಕಲಿಸುತ್ತಾರೆಯೇ? ಗೈಡ್ ಆಗುವವರ ಕೈಯಲ್ಲಿ ಹಿಂದೆ ಪಿಎಚ್.ಡಿ. ಮಾಡಿದವರು ಎಷ್ಟು ವರ್ಷದಲ್ಲಿ ಮುಗಿಸಿದರು, ಈಗ ಎಲ್ಲಿದ್ದಾರೆ? ಪ್ರಾಣಿಗಳ ಬಳಕೆ ಇದೆಯೇ? ಬೇಡವೆಂದವರಿಗೆ ಬೇರೆ ವಿಷಯ ಕೊಡುತ್ತಾರೆಯೇ? ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ವಿಭಾಗ ಒಳ್ಳೆಯ ವಿಭಾಗ.

ಮಕ್ಕಳನ್ನೂ ಒಂದು ಮಾತು ಕೇಳಬೇಕು: "ನಿನಗೆ ತಿಳಿಯಬೇಕೆನಿಸಿದ ಒಂದು ಸಂಗತಿ ಯಾವುದು?" ಡಿಗ್ರಿಯ ಹೆಸರನ್ನಷ್ಟೇ ಹೇಳಿದರೆ ಒಂದು ವರ್ಷ ಕಾಯುವುದು ಮೇಲು. ಬೀಜ ಏಕೆ ಮೊಳೆಯುವುದಿಲ್ಲ, ಜೇನು ಏಕೆ ಕಡಿಮೆಯಾಯಿತು, ಅಜ್ಜನ ಕಾಯಿಲೆ ಅಪ್ಪನಿಗೂ ಏಕೆ ಬಂತು ಎಂದು ಕಣ್ಣರಳಿಸಿ ಹೇಳತೊಡಗಿದರೆ ತಡೆಯಬೇಡಿ. ಅಂಗಡಿಯನ್ನು ನೋಡಿಕೊಳ್ಳಲು ಇನ್ನೊಬ್ಬರು ಸಿಕ್ಕಾರು. ಆ ಪ್ರಶ್ನೆಯನ್ನು ಹಿಡಿದು ಹೊರಟವರನ್ನು ಮಾತ್ರ ಮನೆಯವರೇ ಕಳುಹಿಸಿಕೊಡಬೇಕು.